ಒಂದೂವರೆ ವರ್ಷವಾದರೂ ಆಗದ ಪೌತಿ ಖಾತೆ: ಮೊದಲು ಹಿಂಬರಹ ಕೇಳಿ

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. 2 ಎಕರೆ 14 ಗುಂಟೆ ಖುಷ್ಕಿ ಜಮೀನು ಇವತ್ತಿಗೂ ತಾತನ ಹೆಸರಲ್ಲೇ ಇದೆ. ತಾತ 1987ರಲ್ಲಿ ತೀರಿಕೊಂಡರು, ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದರು. ಅಪ್ಪ 2021ರಲ್ಲಿ ಹೋದರು. ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಒಂದೂವರೆ ವರ್ಷವಾಯಿತು. ಒಬ್ಬ ವಿ.ಎ. (ಗ್ರಾಮ ಲೆಕ್ಕಿಗರು) ವರ್ಗವಾಗಿ ಹೋದರು, ಹೊಸಬರು ‘ನನಗೆ ಗೊತ್ತಿಲ್ಲ’ ಅಂತಾರೆ. ತಾಲ್ಲೂಕು ಕಚೇರಿಯಲ್ಲಿ ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಸಾಹೇಬರು ಮೀಟಿಂಗ್. ಈಗ ಇಬ್ಬರು ಸೋದರತ್ತೆಯರ ಸಹಿ ಬೇಕು ಅಂತಿದ್ದಾರೆ. ಒಬ್ಬರು ತಿಪಟೂರಲ್ಲಿದ್ದಾರೆ. ಇನ್ನೊಬ್ಬರು ಮಹಾರಾಷ್ಟ್ರದಲ್ಲಿದ್ದರು, ತೀರಿಕೊಂಡಿದ್ದಾರೆ. ಅವರ ಮಕ್ಕಳ ಸಂಪರ್ಕ ಕಡಿಮೆ. ಕಚೇರಿ ಮುಂದೆ ಕೂರುವ ಒಬ್ಬರು ‘15,000 ಕೊಡಿ, ಅತ್ತೆಯರ ಹೆಸರೇ ಬರದ ಹಾಗೆ ವಂಶವೃಕ್ಷ ಮಾಡಿಸಿಕೊಡ್ತೀನಿ’ ಅಂದಿದ್ದಾರೆ. ಬರ ಪರಿಹಾರವೂ ಬಂದಿಲ್ಲ, ಬೆಳೆ ಸಾಲವೂ ಸಿಗುತ್ತಿಲ್ಲ. ನಾನು ಬೆಂಗಳೂರಲ್ಲಿ ಕೆಲಸಕ್ಕಿದ್ದೇನೆ, ರಜೆ ಹಾಕಿ ಹಾಕಿ ಸಾಕಾಗಿದೆ. ದುಡ್ಡು ಕೊಟ್ಟು ಮುಗಿಸಲೇ? ಕೋರ್ಟಿಗೆ ಹೋಗಲೇ?

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಬಂದ ಅನುಮಾನ, ನಿಮ್ಮ ಅರ್ಜಿ ಬಾಕಿ ಇದೆಯೋ ಇಲ್ಲವೋ ಎಂಬುದು. ಕಂದಾಯ ಇಲಾಖೆಯಲ್ಲಿ ಕೇಸ್ ವರ್ಕರ್ ಆಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಹೀಗೆ ವರ್ಷಗಟ್ಟಲೆ ಅಲೆಯುವವರ ಸ್ವೀಕೃತಿ ಸಂಖ್ಯೆ ಹಾಕಿ ನೋಡಿದರೆ ಎಷ್ಟೋ ಸಲ ಕಾಣುವುದು ಒಂದೇ: ಅರ್ಜಿ ಕೊಟ್ಟ ಕೆಲವೇ ವಾರಗಳಲ್ಲಿ ‘ದಾಖಲೆ ಕೊರತೆ’ ಎಂದು ತಿರಸ್ಕಾರವಾಗಿರುತ್ತದೆ. ಅರ್ಜಿದಾರರಿಗೆ ಯಾರೂ ಹೇಳಿರುವುದಿಲ್ಲ. ಎಸ್.ಎಂ.ಎಸ್. ಹೋಗಿದ್ದರೂ ಅರ್ಜಿ ತುಂಬಿಕೊಟ್ಟ ಸೈಬರ್ ಅಂಗಡಿಯವನ ನಂಬರಿಗೆ ಹೋಗಿರುತ್ತದೆ. ಕಚೇರಿಯ ಲೆಕ್ಕದಲ್ಲಿ ಆ ಅರ್ಜಿ ವಿಲೇವಾರಿಯಾಯಿತು. ನಿಮ್ಮ ಲೆಕ್ಕದಲ್ಲಿ ಅದು ಇನ್ನೂ ಸಾಹೇಬರ ಟೇಬಲ್ ಮೇಲಿದೆ. ಮುಚ್ಚಿಹೋದ ಅರ್ಜಿಯನ್ನು ಹಿಡಿದು ‘ಏನಾಯ್ತು ಸಾರ್’ ಎಂದು ಎಷ್ಟು ಸಲ ಕೇಳಿದರೂ ‘ನಾಳೆ ಬನ್ನಿ’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಹಾಗಾಗಿ ಮುಂದಿನ ರಜೆ ಹಾಕುವ ಮೊದಲು ಆ ಸ್ವೀಕೃತಿ ಚೀಟಿಯನ್ನು ಹುಡುಕಿ. ಅದರ ಸಂಖ್ಯೆ ಹಾಕಿ ನಾಡಕಚೇರಿಯ ತಾಣದಲ್ಲಿ ಅರ್ಜಿಯ ಸ್ಥಿತಿಯನ್ನೂ, ಸರ್ವೆ ನಂಬರ್ ಹಾಕಿ ಭೂಮಿ ತಾಣದಲ್ಲಿ ಮ್ಯುಟೇಶನ್ (ಖಾತೆ ಬದಲಾವಣೆ) ಸ್ಥಿತಿಯನ್ನೂ ನೋಡಿ. ಬೆಂಗಳೂರಲ್ಲೇ ಕೂತು ಮಾಡಬಹುದಾದ ಕೆಲಸ ಇದು.

ಇನ್ನು ಸಹಿಯ ವಿಷಯ. ‘ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಜಮೀನಲ್ಲಿ ಏನೂ ಇಲ್ಲ’ ಎಂಬ ಮಾತನ್ನು ಹಳ್ಳಿಕಟ್ಟೆಯಲ್ಲಿ ಈಗಲೂ ಹೇಳುತ್ತಾರೆ. ಅದು ತಪ್ಪು. ನಿಮ್ಮ ಕುಟುಂಬಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ, ತಾತ ವಿಲ್ ಬರೆದಿಲ್ಲ ಎಂದುಕೊಂಡು ಹೇಳುತ್ತಿದ್ದೇನೆ. ಜಮೀನು ತಾತನ ಸ್ವಯಾರ್ಜಿತವಾದರೆ ಲೆಕ್ಕ ಸುಲಭ. ನಿಮ್ಮ ಅಪ್ಪ, ಇಬ್ಬರು ಅತ್ತೆಯರು, ಮೂವರಿಗೂ ಸಮಪಾಲು. 94 ಗುಂಟೆಯಲ್ಲಿ ತಲಾ 31 ಗುಂಟೆ ಚಿಲ್ಲರೆ. ಅಪ್ಪನ ಪಾಲು ನಿಮ್ಮ ತಾಯಿಗೂ ನಿಮಗೂ ಒಡಹುಟ್ಟಿದವರಿದ್ದರೆ ಅವರಿಗೂ ಬರುತ್ತದೆ. ತೀರಿಕೊಂಡ ಅತ್ತೆಯ ಪಾಲು ಅವರ ವಾರಸುದಾರರಿಗೆ. ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆ. ಹೆಣ್ಣುಮಕ್ಕಳ ಪಾಲಿನ ಬಗ್ಗೆ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎಲ್ಲ ಬರುತ್ತವೆ, ವಕೀಲರಿಂದಲೇ ಮಾಡಿಸಿ. ಹೇಗೆ ಲೆಕ್ಕ ಹಾಕಿದರೂ ಅತ್ತೆಯರ ಪಾಲು ಸೊನ್ನೆಯಂತೂ ಆಗುವುದಿಲ್ಲ.

ಆದರೆ ಪಾಲಿದೆ ಎಂಬ ಮಾತು ಬೇರೆ, ಅವರ ಸಹಿ ಇಲ್ಲದೆ ಪೌತಿ ಖಾತೆಯೇ ಆಗದು ಎಂಬುದು ಬೇರೆ. ಪೌತಿ ಖಾತೆ ಅಂದರೆ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವುದು, ಅಷ್ಟೇ. ಅದು ವಿಭಾಗ ಅಲ್ಲ. ಎಲ್ಲ ವಾರಸುದಾರರ ಹೆಸರನ್ನೂ ಜಂಟಿಯಾಗಿ ಸೇರಿಸಿ ಎಂದು ಕೇಳಿದರೆ ಅಲ್ಲಿ ಯಾರೂ ಏನನ್ನೂ ಬಿಟ್ಟುಕೊಡುತ್ತಿಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆಯ 129ನೇ ಕಲಂ ಹೇಳುವುದು ಇಷ್ಟು: ಮ್ಯುಟೇಶನ್ ವಹಿಯಲ್ಲಿ ದಾಖಲಿಸಿ, ಚಾವಡಿಯಲ್ಲಿ ಪ್ರಕಟಿಸಿ, ಸಂಬಂಧಪಟ್ಟವರಿಗೆ ನೋಟಿಸ್ ಕೊಡಿ, ಆಕ್ಷೇಪಣೆ ಬಂದರೆ ತಕರಾರು ಪ್ರಕರಣವಾಗಿ ವಿಚಾರಣೆ ಮಾಡಿ ತೀರ್ಮಾನಿಸಿ. ಅಂದರೆ ನೋಟಿಸ್ ಕಡ್ಡಾಯ. ಒಪ್ಪಿಗೆ ಪತ್ರ ಬೇಕಾಗುವುದು ಯಾರನ್ನಾದರೂ ಬಿಟ್ಟು ಉಳಿದವರ ಹೆಸರಿಗೆ ಮಾಡಿ ಎಂದಾಗ. ಹಾಗೆ ಬಿಡುವುದಕ್ಕೂ ಬಿಳಿ ಹಾಳೆಯ ‘ನನ್ನ ತಕರಾರಿಲ್ಲ’ ಸಾಲದು, ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರವೇ ಬೇಕು. ನಿಮ್ಮ ಅರ್ಜಿಯಲ್ಲಿ ಯಾರ ಯಾರ ಹೆಸರಿಗೆ ಕೇಳಿದ್ದೀರಿ ಎಂದು ಪತ್ರದಲ್ಲಿ ಬರೆದಿಲ್ಲ. ತಾಯಿ ಮತ್ತು ನಿಮ್ಮ ಹೆಸರಿಗೆ ಮಾತ್ರ ಕೇಳಿದ್ದರೆ, ಕಚೇರಿಯವರು ಅತ್ತೆಯರ ಸಹಿ ಕೇಳಿದ್ದರಲ್ಲಿ ತಪ್ಪಿಲ್ಲ. ಅದನ್ನು ಮೊದಲ ದಿನವೇ ಬರೆದು ಹೇಳಲಿಲ್ಲ, ಅದು ಅವರ ತಪ್ಪು.

ಪಹಣಿಯಲ್ಲಿ ಹೆಸರು ಬಂದರೆ ಜಮೀನು ನಮ್ಮದಾಯಿತು ಎಂಬ ನಂಬಿಕೆಯೂ ಇದೆ. ಅದೇ ಕಾಯ್ದೆಯ 133ನೇ ಕಲಂ ಪ್ರಕಾರ ಪಹಣಿಯ ನಮೂದು ತಪ್ಪೆಂದು ರುಜುವಾತಾಗುವವರೆಗೆ ಸರಿ ಎಂದು ಭಾವಿಸಬೇಕು, ಅಷ್ಟೇ. ಮ್ಯುಟೇಶನ್ ಒಡೆತನ ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರಿಂದ ಈಚೆಗೆ ಹಲವು ಸಲ ಹೇಳಿದೆ. ಇದು ನಿಮಗೆ ಅನುಕೂಲದ ಮಾತು. ಅತ್ತೆಯವರ ಹೆಸರು ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಬಂದರೆ ಹೊಸದಾಗಿ ಯಾರಿಗೂ ಏನೂ ಹೋಗುವುದಿಲ್ಲ. ಇರುವ ಹಕ್ಕು ಕಾಗದದ ಮೇಲೆ ಬರುತ್ತದೆ.

ಇಷ್ಟು ಸರಳವಾದ ಕೆಲಸ ಯಾಕೆ ಇಷ್ಟು ಎಳೆಯುತ್ತದೆ? ಲಂಚಕ್ಕೋಸ್ಕರ ಅಂದುಬಿಡುವುದು ಸುಲಭ. ಲಂಚ ಇಲ್ಲ ಎಂದು ನಾನು ಹೇಳುವುದಿಲ್ಲ, ಒಳಗಿದ್ದು ನೋಡಿದವನು. ಆದರೆ ಲಂಚ ಮುಟ್ಟದವರ ಟೇಬಲ್ ಮೇಲೂ ಕಡತ ಕೂತಿರುತ್ತದೆ.

ಕಾರಣ, ಸಹಿ ಹಾಕಿದವನಿಗೆ ಅಪಾಯ ಇದೆ, ಹಾಕದವನಿಗೆ ಇಲ್ಲ. ಒಬ್ಬ ವಾರಸುದಾರನನ್ನು ಬಿಟ್ಟು ಖಾತೆ ಮಾಡಿದರೆ ನಾಳೆ ಮೇಲ್ಮನವಿ, ನೋಟಿಸ್, ಇಲಾಖಾ ವಿಚಾರಣೆ. ನಿವೃತ್ತಿಯ ಹೊಸ್ತಿಲಲ್ಲಿ ಪಿಂಚಣಿಯೇ ನಿಂತುಹೋದವರನ್ನು ಬಲ್ಲೆ. ಕಡತವನ್ನು ಆರು ತಿಂಗಳು ಕೂರಿಸಿಕೊಂಡದ್ದಕ್ಕೆ ಶಿಕ್ಷೆಯಾದವರನ್ನು ನಾನು ನೋಡಿದ್ದು ತೀರಾ ಅಪರೂಪ. ಇಂಥ ಏರ್ಪಾಡಿನಲ್ಲಿ ಸಣ್ಣ ಅನುಮಾನ ಬಂದರೂ ‘ಇನ್ನೊಂದು ದಾಖಲೆ ತನ್ನಿ’ ಅನ್ನುವುದೇ ಕೆಳಗಿನವನಿಗೆ ಕ್ಷೇಮ.

ಎರಡನೆಯದು ವಿ.ಎ. ಹೆಗಲ ಮೇಲಿನ ಹೊರೆ. ಗ್ರಾಮ ಲೆಕ್ಕಿಗರು ಈಗ ಗ್ರಾಮ ಆಡಳಿತಾಧಿಕಾರಿಗಳು. ಹೆಸರು ದೊಡ್ಡದಾಯಿತು, ಕೆಲಸ ಅದಕ್ಕಿಂತ ದೊಡ್ಡದಾಯಿತು. ಬೆಳೆ ಹಾನಿ ಸಮೀಕ್ಷೆ, ಜಾತಿ-ಆದಾಯ ಪ್ರಮಾಣಪತ್ರದ ಪರಿಶೀಲನೆ, ಪಿಂಚಣಿ, ಚುನಾವಣೆ, ಬಗರ್‌ಹುಕುಂ, ಪಹಣಿಗೆ ಆಧಾರ್ ಜೋಡಣೆ, ಒಂದೊಂದಕ್ಕೆ ಒಂದೊಂದು ಆ್ಯಪ್. 2024ರ ಸೆಪ್ಟೆಂಬರಿನಲ್ಲಿ ಈ ಆ್ಯಪ್‌ಗಳ ಕಾಟ ತಡೆಯಲಾರದೆ ಅವರು ಮುಷ್ಕರಕ್ಕೇ ಕೂತಿದ್ದರು. ಜಿಲ್ಲಾಧಿಕಾರಿ (ಡಿ.ಸಿ.) ಅವರ ವಿಡಿಯೋ ಕಾನ್ಫರೆನ್ಸ್‌ನಲ್ಲಿ ಆ ವಾರ ಯಾವುದನ್ನು ಕೇಳುತ್ತಾರೋ ಅದು ಆ ವಾರ ಓಡುತ್ತದೆ, ಉಳಿದದ್ದು ನಿಲ್ಲುತ್ತದೆ. ಪೌತಿ ಖಾತೆ ಆಂದೋಲನ ಎಂದು ಸರ್ಕಾರ ಘೋಷಿಸಿದ ದಿನಗಳಲ್ಲಿ ವಿ.ಎ.ಯೇ ಮನೆ ಬಾಗಿಲಿಗೆ ಬರುವುದೂ ಉಂಟು. ಅಂಥ ಸಮಯ ಸಿಕ್ಕರೆ ಬಿಡಬೇಡಿ.

ಮೂರನೆಯದು ಹೆಸರಿನ ಹೊಂದಾಣಿಕೆ. ಅರ್ಧಕ್ಕರ್ಧ ಕಡತ ಕೆಡುವುದು ಇಲ್ಲೇ. ಪಹಣಿಯಲ್ಲಿ ‘ಕೆಂಪಯ್ಯ ಬಿನ್ ದೊಡ್ಡಯ್ಯ’ ಎಂದಿರುತ್ತದೆ. ಮಗನ ಶಾಲೆಯ ದಾಖಲೆಯಲ್ಲಿ ತಂದೆ ‘ಕೆಂಪೇಗೌಡ’, ಸೊಸೈಟಿ ಪಾಸ್‌ಬುಕ್‌ನಲ್ಲಿ ‘ಡಿ. ಕೆಂಪಣ್ಣ’. ಊರಿಗೆಲ್ಲ ಒಬ್ಬನೇ ಮನುಷ್ಯ, ಕಂಪ್ಯೂಟರಿಗೆ ಮೂವರು. ಶಾನುಭೋಗರ ಕಾಲದಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. ಅವರಿಗೆ ಎಲ್ಲರ ಮನೆತನವೂ ಗೊತ್ತಿತ್ತು (ಅದರಿಂದ ಆದ ಅನ್ಯಾಯಗಳ ಪಟ್ಟಿಯೂ ಚಿಕ್ಕದಲ್ಲ, ಆ ಕಾಲವನ್ನು ನಾನೇನು ಹೊಗಳುತ್ತಿಲ್ಲ). ಮೂರು ವರ್ಷಕ್ಕೊಮ್ಮೆ ಬದಲಾಗುವ ವಿ.ಎ.ಗೆ ಕಾಗದ ಬಿಟ್ಟರೆ ಬೇರೆ ಆಧಾರವಿಲ್ಲ. ನಿಮ್ಮ ತಾತನ ಹೆಸರು ಎಲ್ಲ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ, ಜೊತೆಗೆ ಹಳೆಯ ಕಂದಾಯ ರಸೀದಿ ಅಥವಾ ಸೊಸೈಟಿ ಪುಸ್ತಕ ಇಡಿ. ವಿ.ಎ. ಸ್ಥಳ ಮಹಜರು ಮಾಡಿ ನಾಲ್ಕು ಜನರ ಹೇಳಿಕೆ ಪಡೆದರೆ ಇನ್ನೂ ಗಟ್ಟಿ.

ತಾತನ ಮರಣ ಪ್ರಮಾಣಪತ್ರ ಇದೆಯೇ ಎಂದೂ ನೀವು ಬರೆದಿಲ್ಲ. 1987ರ ಸಾವುಗಳು ಹಳ್ಳಿಗಳಲ್ಲಿ ನೋಂದಣಿಯಾಗದೇ ಉಳಿದದ್ದು ಬಹಳ. ಹಳೆಯ ಜನನ-ಮರಣ ವಹಿಗಳು ಸಾಮಾನ್ಯವಾಗಿ ತಾಲ್ಲೂಕು ಕಚೇರಿಯಲ್ಲೇ ಇರುತ್ತವೆ, ಮೊದಲು ಹುಡುಕಿಸಿ. ನಮೂದು ಸಿಗದಿದ್ದರೆ ‘ಅಲಭ್ಯ ಪ್ರಮಾಣಪತ್ರ’ ಬರೆಸಿಕೊಳ್ಳಿ. ವರ್ಷ ದಾಟಿದ ಸಾವನ್ನು ನೋಂದಾಯಿಸಲು ಮೊದಲು ನ್ಯಾಯಾಲಯದ ಆದೇಶ ಬೇಕಿತ್ತು. 2023ರಲ್ಲಿ ಕೇಂದ್ರದ ಕಾಯ್ದೆಗೆ ತಿದ್ದುಪಡಿಯಾಗಿ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಡಿ.ಸಿ. ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ಈ ಒಂದು ಕಾಗದಕ್ಕಾಗಿಯೇ ನಿಮ್ಮ ಕಡತ ನಿಂತಿರುವ ಸಾಧ್ಯತೆ ಇದೆ.

ಈಗ ಮಾಡಬೇಕಾದದ್ದು. ತಹಶೀಲ್ದಾರರ ಹೆಸರಿಗೆ ಒಂದು ಪುಟದ ಮನವಿ ಬರೆಯಿರಿ: ಇಂಥ ದಿನ, ಇಂಥ ಸಂಖ್ಯೆಯ ಅರ್ಜಿ ಕೊಟ್ಟಿದ್ದೇನೆ, ಇತ್ಯರ್ಥ ಮಾಡಿಕೊಡಿ, ಸಾಧ್ಯವಿಲ್ಲವಾದರೆ ಕಾರಣ ತಿಳಿಸಿ ಹಿಂಬರಹ (ಲಿಖಿತ ಉತ್ತರ) ಕೊಡಿ. ಕೇಸ್ ವರ್ಕರ್ ಕೈಗೆ ಕೊಡಬೇಡಿ. ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಹೋಗಲಾಗದಿದ್ದರೆ ರಿಜಿಸ್ಟರ್ ಅಥವಾ ಸ್ಪೀಡ್ ಪೋಸ್ಟ್ ಸಾಕು, ರಸೀದಿ ಇಟ್ಟುಕೊಳ್ಳಿ. ಹಿಂಬರಹ ಅಂದರೆ ಆಗುವುದಿಲ್ಲ ಎಂಬ ಉತ್ತರ ತಾನೇ, ಅದನ್ನು ಕೇಳಿ ಪಡೆಯುವುದೇ ಎಂದು ಜನ ಹಿಂಜರಿಯುತ್ತಾರೆ. ಬಾಯಿಮಾತಿನ ‘ನಾಳೆ ಬನ್ನಿ’ ಮೇಲೆ ಯಾವ ಅಧಿಕಾರಿಯ ಮುಂದೆಯೂ ಮೇಲ್ಮನವಿ ಹಾಕಲಾಗದು. ಲಿಖಿತ ಆದೇಶ ಕೈಗೆ ಬಂದ ದಿನದಿಂದ 60 ದಿನದೊಳಗೆ ಭೂ ಕಂದಾಯ ಕಾಯ್ದೆಯ 136(2)ನೇ ಕಲಂ ಕೆಳಗೆ ಎ.ಸಿ. (ಉಪವಿಭಾಗಾಧಿಕಾರಿ) ಮುಂದೆ ಹೋಗಬಹುದು, ಅಲ್ಲಿಂದ ಡಿ.ಸಿ. ಮುಂದೆ. ಬರೆದುಕೊಡಲು ಕೂತಾಗ ಕೇಸ್ ವರ್ಕರ್‌ಗೂ ಗಟ್ಟಿ ಕಾರಣ ಬೇಕಾಗುತ್ತದೆ. ಕಾರಣ ಸಿಗದಿದ್ದರೆ ಕೆಲಸವೇ ಆಗಿಬಿಡುವುದನ್ನು ಕಂಡಿದ್ದೇನೆ.

ಮನವಿಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. 10 ರೂಪಾಯಿಯ ಪೋಸ್ಟಲ್ ಆರ್ಡರ್, ಕರ್ನಾಟಕದ ನಿಯಮದಂತೆ 150 ಪದದೊಳಗೆ, ಒಂದೇ ವಿಷಯ. ‘ಯಾಕೆ ತಡ ಮಾಡಿದ್ದೀರಿ’ ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ಹೀಗೆ ಕೇಳಿ: ‘ಸದರಿ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, ಅರ್ಜಿ ಯಾವ ದಿನ ಯಾವ ಹುದ್ದೆಯವರ ಬಳಿ ಇತ್ತು ಎಂಬ ದಾಖಲೆಯ ಪ್ರತಿ, ತಿರಸ್ಕರಿಸಿದ್ದರೆ ಆದೇಶದ ಪ್ರತಿ ಕೊಡಿ.’ 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಇದರ ಮಿತಿಯೂ ಗೊತ್ತಿರಲಿ: ಮಾಹಿತಿ ಹಕ್ಕು ಕಾಗದ ಕೊಡಿಸುತ್ತದೆ, ಖಾತೆ ಮಾಡಿಸುವುದಿಲ್ಲ. ಮಾಹಿತಿ ಆಯೋಗದವರೆಗೆ ಹೋದರೆ ಅಲ್ಲಿಯೂ ಸರದಿ ಉದ್ದ. ಆದರೆ ಟಿಪ್ಪಣಿ ಹಾಳೆಯ ಪ್ರತಿ ಮಾಡಲು ಕಡತ ಹೊರತೆಗೆಯಲೇಬೇಕಲ್ಲ, ನಿಂತ ಕಡತ ಅಲ್ಲಾಡುವುದು ಹೆಚ್ಚಾಗಿ ಆಗಲೇ.

ಸರ್ಕಾರಿ ಸೇವೆ ಗೊತ್ತುಪಡಿಸಿದ ದಿನದೊಳಗೆ ಸಿಗಬೇಕೆನ್ನುವ ‘ಸಕಾಲ’ದ ಬಗ್ಗೆ ಜನರಿಗೆ ಅತಿಯಾದ ಭರವಸೆ ಇದೆ, ಇಲ್ಲವೇ ಪೂರ್ತಿ ತಾತ್ಸಾರ. 2011ರ ಕಾಯ್ದೆ ತಡವಾದ ದಿನಕ್ಕೆ 20 ರೂಪಾಯಿ, ಒಟ್ಟು 500 ಮೀರದಂತೆ ಪರಿಹಾರ ಎನ್ನುತ್ತದೆ. ಆ ದುಡ್ಡಿಗೆ ಯಾವ ಅಧಿಕಾರಿಯೂ ಹೆದರುವುದಿಲ್ಲ. ತಿಂಗಳ ಪರಿಶೀಲನಾ ಸಭೆಯಲ್ಲಿ ಅವಧಿ ಮೀರಿದ ಅರ್ಜಿಗಳ ಪಟ್ಟಿಯಲ್ಲಿ ತನ್ನ ಕಚೇರಿ ಕಾಣಿಸಿಕೊಳ್ಳುವುದಕ್ಕೆ ಹೆದರುತ್ತಾರೆ. ದೋಷವೂ ಅಲ್ಲೇ ಇದೆ. ಅವಧಿ ಮುಗಿಯುವ ಹಿಂದಿನ ದಿನ ‘ದಾಖಲೆ ಕೊರತೆ’ ಎಂದು ತಿರಸ್ಕರಿಸಿಬಿಟ್ಟರೆ ಪಟ್ಟಿ ಸ್ವಚ್ಛ. ನಾನು ಮೊದಲು ಹೇಳಿದ ಅನುಮಾನಕ್ಕೆ ಕಾರಣ ಇದೇ. ನಿಮ್ಮ ಸ್ವೀಕೃತಿಯಲ್ಲಿ ಸಕಾಲ ಸಂಖ್ಯೆ ಇದ್ದರೆ ಮೇಲ್ಮನವಿ ಹಾಕಿ, ಖರ್ಚಿಲ್ಲ. ಅದೊಂದನ್ನೇ ನಂಬಿ ಕೂರಬೇಡಿ. ಶಾಸಕರ ಪತ್ರ ತರುತ್ತೇನೆ ಎನ್ನುವವರೂ ಇದ್ದಾರೆ. ತನ್ನಿ, ಬೇಡ ಅನ್ನುವುದಿಲ್ಲ. ಅದೂ ಅದೇ ಟಪಾಲು ಶಾಖೆಗೇ ಬಂದು ಬೀಳುತ್ತದೆ.

ಹೈಕೋರ್ಟಿಗೆ ಹೋಗಬಹುದು. ರಿಟ್ ಹಾಕಿದರೆ ಸಾಮಾನ್ಯವಾಗಿ ಬರುವ ಆದೇಶ ‘ಅರ್ಜಿದಾರರ ಮನವಿಯನ್ನು ಇಂತಿಷ್ಟು ವಾರದಲ್ಲಿ ಕಾನೂನಿನಂತೆ ಪರಿಗಣಿಸಿ’ ಎಂಬುದು. ಪರಿಗಣಿಸಿ ತಿರಸ್ಕರಿಸಿದರೂ ಆದೇಶ ಪಾಲಿಸಿದಂತೆಯೇ. ಮೊಹರು ಬಿದ್ದ ಮನವಿಯ ಪ್ರತಿ ಇಲ್ಲದೆ ಹೋದರೆ ಅದೂ ಕಷ್ಟ. ವಕೀಲರ ಶುಲ್ಕ ನೋಡಿದರೆ 2 ಎಕರೆಯ ಪೌತಿ ಖಾತೆಗೆ ಇದು ಕೊನೆಯ ದಾರಿ. ಸಿವಿಲ್ ಕೋರ್ಟಿನ ವಿಭಾಗ ದಾವೆ ಬೇರೆ ವಿಷಯ. ಅತ್ತೆಯವರ ಮನೆಯವರ ಜೊತೆ ನಿಜವಾಗಿಯೂ ಜಗಳ ಇದ್ದಾಗ ಮಾತ್ರ ಅದು. ನಿಮ್ಮ ಪತ್ರದಲ್ಲಿ ಜಗಳದ ವಾಸನೆ ಇಲ್ಲ. ಸಂಪರ್ಕ ಕಡಿಮೆ ಎಂದಿದ್ದೀರಿ, ಅಷ್ಟೇ. ಸಮನ್ಸ್ ಕಳಿಸಿ ಇಲ್ಲದ ಜಗಳ ಹುಟ್ಟಿಸಬೇಡಿ.

15,000 ಕೇಳಿದವರ ವಿಷಯ ಬೇಕೆಂದೇ ಹಿಂದಿಟ್ಟೆ. ಆ ದುಡ್ಡಿಗೆ ಅವರು ಮಾರುತ್ತಿರುವುದು ಬೇಗ ಅಲ್ಲ, ಸುಳ್ಳು ವಂಶವೃಕ್ಷ. ಅದರ ಜೊತೆಗಿರುವ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ನಿಮ್ಮ ತಾಯಿ ಅಥವಾ ನೀವು, ಅವರಲ್ಲ. ನಾಳೆ ಅತ್ತೆಯ ಮಗ ಒಂದು ಅರ್ಜಿ ಹಾಕಿದರೆ ಖಾತೆ ರದ್ದಾಗುತ್ತದೆ, ಸುಳ್ಳು ಪ್ರಮಾಣದ ಕ್ರಿಮಿನಲ್ ಕೇಸು ನಿಮ್ಮ ಮೇಲೆ ಬರುತ್ತದೆ, ಅಷ್ಟರಲ್ಲಿ ಜಮೀನು ಮಾರಿದ್ದರೆ ಕೊಂಡವರೂ ನಿಮ್ಮ ಬೆನ್ನು ಹತ್ತುತ್ತಾರೆ. ಇನ್ನೊಂದು ಮಾತು: ಲಂಚ ಕೊಡುವುದೂ ಅಪರಾಧ ಎಂದು 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿಯಾಗಿದೆ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು. ಕಚೇರಿಯ ಸಿಬ್ಬಂದಿಯೇ ನೇರವಾಗಿಯೋ ಮಧ್ಯವರ್ತಿಯ ಮೂಲಕವೋ ದುಡ್ಡು ಕೇಳಿದರೆ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. 2022ರಲ್ಲಿ ಹೈಕೋರ್ಟ್ ಎ.ಸಿ.ಬಿ.ಯನ್ನು (ಭ್ರಷ್ಟಾಚಾರ ನಿಗ್ರಹ ದಳ) ರದ್ದು ಮಾಡಿದ ಮೇಲೆ ಲಂಚ ಪಡೆಯುವಾಗಲೇ ಹಿಡಿಯುವ ಟ್ರ್ಯಾಪ್ ಕೆಲಸ ಮತ್ತೆ ಅವರದೇ. ಆದರೆ ಅಲ್ಲಿಗೆ ಹೋದ ಮೇಲೆ ನೀವೇ ದೂರುದಾರರು, ಮುಂದೆ ಸಾಕ್ಷಿ ಹೇಳಲು ವರ್ಷಗಟ್ಟಲೆ ಓಡಾಟ ಇರುತ್ತದೆ. ಅದಕ್ಕೆ ಗಟ್ಟಿ ಮನಸ್ಸಿದ್ದರೆ ಮಾತ್ರ ಹೋಗಿ, ಹೋಗದಿದ್ದರೆ ಅದು ತಪ್ಪೆಂದು ನಾನು ಹೇಳುವುದಿಲ್ಲ. ಅರ್ಜಿ ಬರೆದುಕೊಡಲು, ಜೆರಾಕ್ಸ್ ತೆಗೆಯಲು ನೂರಿನ್ನೂರು ತೆಗೆದುಕೊಳ್ಳುವವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹಳೆಯ ಅರ್ಜಿಯ ಸ್ಥಿತಿ ನೋಡಿಕೊಂಡು, ಅದು ಮುಚ್ಚಿಹೋಗಿದ್ದರೆ ಅದರ ಹಿಂದೆ ಓಡದೆ ಎಲ್ಲ ವಾರಸುದಾರರ ಹೆಸರಿಗೆ ಜಂಟಿ ಖಾತೆ ಕೇಳಿ ಹೊಸ ಅರ್ಜಿ ಹಾಕುತ್ತಿದ್ದೆ. ಈ ಸಲ ಮೊಬೈಲ್ ನಂಬರ್ ನಿಮ್ಮದೇ ಇರಲಿ. ತಿಪಟೂರಿನ ಅತ್ತೆಯ ಮನೆಗೆ ನೀವೊಬ್ಬರೇ ಹೋಗದೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಕಾಗದ ಮುಂದಿಟ್ಟು ‘ಇಲ್ಲಿ ಸಹಿ ಹಾಕಿ’ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ‘ನಿಮ್ಮ ಹೆಸರೂ ಸೇರಿಸ್ತಾ ಇದೀವಿ, ಆಧಾರ್ ಪ್ರತಿ ಕೊಡಿ’ ಎಂದರೆ ಮಾತೇ ಬೇರೆ. ಮಹಾರಾಷ್ಟ್ರದವರ ಫೋನ್ ನಂಬರ್ ಆ ಅತ್ತೆಯ ಬಳಿ ಇರುತ್ತದೆ. ಅವರಿಂದ ತಾಯಿಯ ಮರಣ ಪ್ರಮಾಣಪತ್ರ, ವಾರಸುದಾರರ ವಿವರ, ವಿಳಾಸ ತರಿಸಿಕೊಳ್ಳಿ. ಅವರು ಏನೂ ಕಳಿಸದಿದ್ದರೂ ಹೆಸರು, ವಿಳಾಸ ವಂಶವೃಕ್ಷದಲ್ಲಿ ತೋರಿಸಿ, ನೋಟಿಸ್ ಕಳಿಸುವುದು ಕಚೇರಿಯ ಕೆಲಸ. ಮುಂದೆ ಅವರು ತಮ್ಮ ಪಾಲು ನಿಮಗೇ ಬಿಡಲು ಒಪ್ಪಿದರೆ ಆಗ ನೋಂದಾಯಿತ ಹಕ್ಕು ಬಿಡುಗಡೆ ಪತ್ರ, ಹಂಚಿಕೊಳ್ಳುವುದಾದರೆ 11ಇ ನಕ್ಷೆ (ಭಾಗಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ ವಿಭಾಗ ಪತ್ರ. ಅದು ಎರಡನೆಯ ಹಂತ, ಎರಡನ್ನೂ ಒಂದೇ ಸಲಕ್ಕೆ ಮಾಡಲು ಹೋಗಿ ಸಿಕ್ಕಿಹಾಕಿಕೊಳ್ಳಬೇಡಿ.

ಬರ ಪರಿಹಾರ ಬಾರದಿರಲು ಕಾರಣವೂ ಇದೇ. ಆ ಹಣ ಫ್ರೂಟ್ಸ್ ಎಂಬ ಸರ್ಕಾರದ ರೈತರ ನೋಂದಣಿ ದಾಖಲೆಯಲ್ಲಿ ಪಹಣಿಯ ಮಾಲೀಕನ ಹೆಸರಿಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ, ಸತ್ತವರಿಗೆ ಆಧಾರ್ ಜೋಡಿಸಲಾಗದು. ಮ್ಯುಟೇಶನ್ ಮುಗಿದು ಹೊಸ ಪಹಣಿ ಬಂದ ತಕ್ಷಣ, 10ನೇ ಕಾಲಂನಲ್ಲಿ ಎಂ.ಆರ್. (ಮ್ಯುಟೇಶನ್ ವಹಿ) ಸಂಖ್ಯೆ ಸರಿಯಾಗಿ ಬಿದ್ದಿದೆಯೇ, 11ರಲ್ಲಿ ತಾತನ ಕಾಲದ ಸೊಸೈಟಿ ಸಾಲ ಏನಾದರೂ ಉಳಿದಿದೆಯೇ ನೋಡಿ. ಉಳಿದಿದ್ದರೆ ಸೊಸೈಟಿಯಿಂದ ಸಾಲ ಬಾಕಿಯಿಲ್ಲ ಎಂಬ ಬೇಬಾಕಿ ಪತ್ರ ತಂದು ತೆಗೆಸಿ, ಇಲ್ಲದಿದ್ದರೆ ಬ್ಯಾಂಕಿನವರು ಅದನ್ನೇ ಹಿಡಿದು ವಾಪಸ್ ಕಳಿಸುತ್ತಾರೆ. ಆಮೇಲೆ ತಾಯಿಯವರ ಹೆಸರಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ಎಫ್.ಐ.ಡಿ. (ಫ್ರೂಟ್ಸ್‌ನ ರೈತ ಗುರುತಿನ ಸಂಖ್ಯೆ) ಮಾಡಿಸಿ. ಮುಂಗಾರಿನ ಬೆಳೆ ವಿಮೆಗೆ ನೋಂದಣಿ ಮುಚ್ಚುವ ಮೊದಲು ಆದರೆ ಒಳ್ಳೆಯದು.